ಚೆಂಡು ಬಿಡಿಸಲು ಕಲಿತ ಗೆಲಿಲಿಯೋ

ಮಕ್ಕಳೇ, ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಚೆಂಡು ಬಿಡಿಸಿ ನೋಡೋಣ. ಬಳೆ ಇಟ್ಟು ಸುತ್ತ ಗೆರೆ ಎಳೆದಿರಾ? ಅದು ಚೆಂಡಿನಂತೆ ಕಾಣುವುದಿಲ್ಲ, ಬಳೆಯಂತೆಯೇ ಕಾಣುತ್ತದೆ. ಈಗ ಬೆಳಕು ಎಡಗಡೆಯಿಂದ ಬರುತ್ತಿದೆ ಎಂದುಕೊಳ್ಳಿ. ಎಡಭಾಗವನ್ನು ಬಿಳಿಯಾಗಿಯೇ ಬಿಡಿ. ಬಲಕ್ಕೆ ಹೋದಂತೆಲ್ಲ ಪೆನ್ಸಿಲಿನಿಂದ ನೆರಳನ್ನು ಸ್ವಲ್ಪ ಸ್ವಲ್ಪವೇ ಗಾಢ ಮಾಡಿ. ನೋಡಿದಿರಾ? ಚಪ್ಪಟೆ ವೃತ್ತ ಉಬ್ಬಿ ಗೋಳವಾಯಿತು! ಈ ವಿದ್ಯೆಯನ್ನು ಚೆನ್ನಾಗಿ ಬಲ್ಲ ವಿಜ್ಞಾನಿಯೊಬ್ಬ ಚಂದ್ರನ ಮೇಲೆ ಬೆಟ್ಟಗಳಿವೆ ಎಂದು ತೋರಿಸಿದ. ಅವನೇ ಗೆಲಿಲಿಯೋ.

ಗೆಲಿಲಿಯೋ ಹುಟ್ಟಿದ್ದು 1564ರಲ್ಲಿ, ಇಟಲಿಯ ಪೀಸಾ ಊರಿನಲ್ಲಿ. ತಂದೆ ಸಂಗೀತಗಾರ. ಮಗ ವೈದ್ಯನಾಗಲಿ ಎಂಬುದು ಅವರ ಆಸೆ. ಹುಡುಗನಿಗಾದರೋ ಚಿತ್ರ ಬಿಡಿಸುವುದೆಂದರೆ ಬಲು ಪ್ರೀತಿ. ವೈದ್ಯ ಶಿಕ್ಷಣಕ್ಕೆ ಸೇರಿದ ಮೇಲೆ ಆತ ರಿಚ್ಚಿ ಎಂಬ ಗುರುವಿನಿಂದ ರೇಖಾಗಣಿತ ಕಲಿತ. ಈ ರಿಚ್ಚಿ ಫ್ಲಾರೆನ್ಸ್ ನಗರದ ಕಲಾ ಅಕಾಡೆಮಿಯಲ್ಲಿ ಚಿತ್ರಕಾರರಿಗೂ ಪಾಠ ಹೇಳುತ್ತಿದ್ದ. ದೂರದ್ದು ಚಿಕ್ಕದಾಗಿ, ಓರೆಯಾಗಿದ್ದದ್ದು ಕುಗ್ಗಿದಂತೆ, ಕಣ್ಣಿಗೆ ಕಂಡ ಹಾಗೆಯೇ ಬಿಡಿಸುವ ವಿದ್ಯೆ ಅದು. ನಿಮ್ಮ ಡ್ರಾಯಿಂಗ್ ಮೇಷ್ಟ್ರು ಇದನ್ನು ಪರ್ಸ್‌ಪೆಕ್ಟಿವ್ ಎನ್ನುತ್ತಾರೆ. ಗೆಲಿಲಿಯೋ ವೈದ್ಯನಾಗಲಿಲ್ಲ. 1585ರಲ್ಲಿ ಪದವಿ ಪಡೆಯದೆಯೇ ಕಾಲೇಜು ಬಿಟ್ಟ. ಮುಂದೆ ಗಣಿತದ ಪ್ರಾಧ್ಯಾಪಕನಾದ. ರಿಚ್ಚಿಯ ಬಳಿಯೇ ಕಲಿತ ಚಿಗೋಲಿ ಎಂಬ ಚಿತ್ರಕಾರ ಆತನ ಆಪ್ತ ಗೆಳೆಯನಾದ.

ಆ ಕಾಲದ ಪಂಡಿತರು ಚಂದ್ರನನ್ನು ಒಂದಿಷ್ಟೂ ಉಬ್ಬುತಗ್ಗಿಲ್ಲದ ನುಣುಪಾದ ಗೋಳ ಎಂದು ನಂಬಿದ್ದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೆಂಗಳೂರಿನ ಕುರುಬರಹಳ್ಳಿಯ ಯಾವುದಾದರೂ ಮನೆಯ ತಾರಸಿ ಹತ್ತಿ ಅರ್ಧಚಂದ್ರನನ್ನು ನೋಡಿ. ಬೆಳಕು ಮತ್ತು ಕತ್ತಲೆಯ ನಡುವಿನ ಗೆರೆ ಬರಿಗಣ್ಣಿಗೆ ನೇರವಾಗಿಯೇ ಕಾಣುತ್ತದೆ. 1609ರ ಜುಲೈನಲ್ಲಿ ಇಂಗ್ಲೆಂಡಿನ ಹ್ಯಾರಿಯಟ್ ಎಂಬ ಗಣಿತಜ್ಞ ದೂರದರ್ಶಕದ ಮೂಲಕ ಚಂದ್ರನನ್ನು ನೋಡಿ ಚಿತ್ರ ಬಿಡಿಸಿದ. ಆತ ಎಳೆದ ಗೆರೆ ಅಂಕುಡೊಂಕಾಗಿತ್ತು. ಆದರೆ ಅವು ಬೆಟ್ಟ, ಗುಂಡಿಗಳು ಎಂದು ಆ ಚಿತ್ರದಲ್ಲಿ ಎಲ್ಲೂ ತೋರುವುದಿಲ್ಲ.

ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಗೆಲಿಲಿಯೋ ತಾನೇ ತಯಾರಿಸಿದ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿದ. ಅದು ವಸ್ತುಗಳನ್ನು ಸುಮಾರು 20 ಪಟ್ಟು ದೊಡ್ಡದಾಗಿ ತೋರಿಸುತ್ತಿತ್ತು. ಕತ್ತಲೆಯ ಭಾಗದಲ್ಲಿ ಅಲ್ಲಲ್ಲಿ ಬೆಳಕಿನ ಚುಕ್ಕೆಗಳು ಕಂಡವು. ಕೆಲವು ಗಂಟೆಗಳಲ್ಲಿ ಅವು ದೊಡ್ಡದಾದವು. ನಂದಿಬೆಟ್ಟದ ತುದಿಗೆ ಮುಂಜಾನೆಯ ಬಿಸಿಲು ಬಿದ್ದಾಗ ಕೆಳಗಿನ ಊರುಗಳು ಇನ್ನೂ ನೆರಳಿನಲ್ಲಿರುತ್ತವಲ್ಲವೇ? ಇದೂ ಹಾಗೆಯೇ. ಬೆಳಕಿನ ಭಾಗದಲ್ಲಿ ಕಪ್ಪು ಮಚ್ಚೆಗಳಿದ್ದವು. ಅವುಗಳ ನೆರಳು ಸೂರ್ಯನಿದ್ದ ಕಡೆಯ ಅಂಚಿನಲ್ಲಿತ್ತು. ದೀಪದ ಪಕ್ಕ ಒಂದು ಬಟ್ಟಲಿಟ್ಟು ನೋಡಿ. ದೀಪದ ಕಡೆಯ ಒಳಗೋಡೆ ಕಪ್ಪಾಗಿರುತ್ತದೆ, ಎದುರಿನದು ಬೆಳಗುತ್ತದೆ. ಹಾಗಾದರೆ ಅವು ಗುಂಡಿಗಳೇ! ನೆರಳು ಓದಲು ಬಲ್ಲ ಕಣ್ಣಿಗೆ ಇದು ಹೊಳೆಯಿತು. ಗೆಲಿಲಿಯೋ ಕುಂಚ ಹಿಡಿದು ನೀರುಬಣ್ಣದಲ್ಲಿ ಚಂದ್ರನನ್ನು ಚಿತ್ರಿಸಿದ. ರೇಖಾಗಣಿತ ಬಳಸಿ ಬೆಟ್ಟದ ಎತ್ತರವನ್ನೂ ಲೆಕ್ಕ ಹಾಕಿದ. ಅದು ಸುಮಾರು 6 ಕಿಲೋಮೀಟರ್ ಬಂತು. 1610ರ ಮಾರ್ಚ್‌ನಲ್ಲಿ ಇವೆಲ್ಲ ಪುಸ್ತಕವಾಗಿ ಹೊರಬಂದವು. ಆ ನಂತರ ಹ್ಯಾರಿಯಟ್‌ನ ಚಿತ್ರಗಳಲ್ಲಿಯೂ ಗುಂಡಿಗಳು ಕಾಣಿಸಿಕೊಂಡವು!

ಮುಂದಿನ ಸರದಿ ಸೂರ್ಯನದು. ಸೂರ್ಯನ ಮೇಲೆ ಕಲೆಗಳು ಕಂಡಿದ್ದವು. ಅವು ಸೂರ್ಯನ ಕಲೆಗಳಲ್ಲ, ಅದರ ಸುತ್ತ ತಿರುಗುವ ಸಣ್ಣ ಕಾಯಗಳು ಎಂದು ಜರ್ಮನಿಯ ಪಾದ್ರಿ ಶೈನರ್ ವಾದಿಸಿದ. ಗೆಲಿಲಿಯೋ 1612ರಲ್ಲಿ ದಿನವೂ ಸೂರ್ಯನ ಬಿಂಬವನ್ನು ದೂರದರ್ಶಕದಿಂದ ಕಾಗದದ ಮೇಲೆ ಬೀಳಿಸಿ, ಕಲೆಗಳನ್ನು ಗುರುತಿಸಿದ. ನಡುವಿನಲ್ಲಿ ಅಗಲವಾಗಿದ್ದ ಕಲೆ ಅಂಚಿಗೆ ಸರಿದಂತೆ ಕಿರಿದಾಗುತ್ತಿತ್ತು. ಗೋಳದ ಮೈಮೇಲೆ ಅಂಟಿಕೊಂಡದ್ದು ಮಾತ್ರ ಹೀಗೆ ಕುಗ್ಗಿ ಕಾಣಲು ಸಾಧ್ಯ. ಆದ್ದರಿಂದ ಕಲೆಗಳಿರುವುದು ಸೂರ್ಯನ ಮೇಲೆಯೇ. ಅವು ಸರಿಯುವುದರಿಂದ ಸೂರ್ಯನೂ ತನ್ನ ಸುತ್ತ ತಾನು ತಿರುಗುತ್ತಾನೆ. ಒಂದು ಸುತ್ತಿಗೆ ಸುಮಾರು ಒಂದು ತಿಂಗಳು. 1613ರಲ್ಲಿ ಫ್ಲಾರೆನ್ಸಿನ ಅದೇ ಕಲಾ ಅಕಾಡೆಮಿ ಗೆಲಿಲಿಯೋನನ್ನು ಸದಸ್ಯನನ್ನಾಗಿ ಸೇರಿಸಿಕೊಂಡಿತು.

ಆತನ ಕೊನೆಯ ದಿನಗಳು ಕಷ್ಟದವು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಪ್ರತಿಪಾದಿಸಿದ್ದಕ್ಕೆ 1633ರಲ್ಲಿ ವಿಚಾರಣೆ ನಡೆದು, ಗೃಹಬಂಧನದ ಶಿಕ್ಷೆಯಾಯಿತು. ಕೆಲವೇ ವರ್ಷಗಳಲ್ಲಿ ಎರಡೂ ಕಣ್ಣುಗಳು ಕುರುಡಾದವು. ಅಷ್ಟು ಕಂಡ ಕಣ್ಣುಗಳು ಏನನ್ನೂ ಕಾಣದಾದವು. ಆದರೂ ಆತ ಇತರರಿಂದ ಬರೆಸುತ್ತ ಕೆಲಸ ಮುಂದುವರಿಸಿದ. 1642ರಲ್ಲಿ ತೀರಿಕೊಂಡ.

ಇಂದು ನಮ್ಮ ಇಸ್ರೋ ಸಂಸ್ಥೆ 2023ರಲ್ಲಿ ಹಾರಿಸಿದ ಆದಿತ್ಯ-ಎಲ್1 ಸೂರ್ಯನನ್ನು ಅಧ್ಯಯನ ಮಾಡುತ್ತಿದೆ. ನೀವು ಮಾತ್ರ ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ದೂರದರ್ಶಕದಿಂದಾಗಲಿ ನೇರವಾಗಿ ಎಂದೂ ನೋಡಬೇಡಿ. ಕಣ್ಣು ಹಾಳಾಗುತ್ತದೆ.

ಮಾಡಿ ನೋಡಿ: ಚೆಂಡಿನ ಮೇಲೆ ಒಂದು ದುಂಡನೆಯ ಸ್ಟಿಕ್ಕರ್ ಬೊಟ್ಟು ಅಂಟಿಸಿ. ಗೆಳೆಯನೊಬ್ಬ ಚೆಂಡನ್ನು ಮೆಲ್ಲಗೆ ತಿರುಗಿಸಲಿ. ನೀವು ಒಂದೇ ಕಣ್ಣು ತೆರೆದು, ಬೊಟ್ಟು ನಡುವಿನಲ್ಲಿರುವಾಗ, ಪಕ್ಕಕ್ಕೆ ಸರಿದಾಗ, ಅಂಚಿಗೆ ಬಂದಾಗ ಹೇಗೆ ಕಾಣುತ್ತದೋ ಹಾಗೆಯೇ ಮೂರು ಚಿತ್ರ ಬಿಡಿಸಿ. ದುಂಡನೆಯ ಬೊಟ್ಟು ಮೊಟ್ಟೆಯಾಕಾರಕ್ಕೆ ತಿರುಗಿ, ಕೊನೆಗೆ ಗೆರೆಯಾಯಿತೇ? ಗೆಲಿಲಿಯೋ ಸೂರ್ಯನಲ್ಲಿ ಕಂಡದ್ದು ಇದನ್ನೇ.