ನಾಡುನಾಡುಗಳ ನೆಂಟ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಅನುಭವದ ಮಾತು. ದೇಶ ಸುತ್ತಿದವನೇ ಒಂದು ಕೋಶವನ್ನೂ ಬಿಟ್ಟುಹೋದರೆ ಅದು ಮುಂದಿನ ಪೀಳಿಗೆಗಳ ಭಾಗ್ಯ. ಅಂಥ ಭಾಗ್ಯವನ್ನು ನಮಗೆ ದೊರಕಿಸಿಕೊಟ್ಟವರಲ್ಲಿ ಇಬ್ನ್ ಬತೂತನು ಅಗ್ರಗಣ್ಯನು. ರೈಲು, ವಿಮಾನಗಳಿಲ್ಲದ ಹದಿನಾಲ್ಕನೆಯ ಶತಮಾನದಲ್ಲಿ ಅವನು ಆಫ್ರಿಕ, ಏಷ್ಯ, ಯೂರೋಪು ಈ ಮೂರು ಖಂಡಗಳಲ್ಲಿ ಸುಮಾರು ಮೂವತ್ತು ವರ್ಷಗಳ ಕಾಲ ಸಂಚರಿಸಿದನು. ಅವನು ಕ್ರಮಿಸಿದ ದೂರ ಒಂದು ಲಕ್ಷ ಕಿಲೋಮೀಟರಿಗೂ ಮಿಗಿಲೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಆದರೆ ಅವನು ಕೇವಲ ನೋಟಕನಾಗಿ ಹೋದವನಲ್ಲ. ಹೋದ ಹೋದಲ್ಲಿ ನೆಂಟಸ್ತನ ಬೆಳೆಸಿದವನು. ಆ ನೆಂಟಸ್ತನಗಳಿಂದ ಅವನು ಪಡೆದುದೇನು, ಕಳೆದುಕೊಂಡುದೇನು ಎಂಬುದು ಅವನ ಜೀವನದ ಮರೆಯಲಾಗದ ಭಾಗ.

ಇಬ್ನ್ ಬತೂತನು 1304ರ ಫೆಬ್ರವರಿ 24ರಂದು ಮೊರಾಕೊ ದೇಶದ ಟಾಂಜಿಯರ್ ಪಟ್ಟಣದಲ್ಲಿ ಜನಿಸಿದನು. ಅವನ ಮನೆತನದವರು ನ್ಯಾಯಶಾಸ್ತ್ರದಲ್ಲಿ ಪಾರಂಗತರು. ಖಾಜಿ ಎಂದರೆ ನ್ಯಾಯಾಧೀಶ ಪದವಿಯನ್ನು ವಹಿಸಿದ್ದವರು. ಅವನೂ ಅದೇ ಶಾಸ್ತ್ರವನ್ನು ಅಭ್ಯಾಸಮಾಡಿದನು. 1325ರ ಜೂನ್ ತಿಂಗಳಿನಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮೆಕ್ಕಾ ಯಾತ್ರೆಗೆಂದು ಒಬ್ಬಂಟಿಗನಾಗಿ ಮನೆಯಿಂದ ಹೊರಟನು. ತಂದೆತಾಯಿಗಳು ಇನ್ನೂ ಬದುಕಿದ್ದರು. ಅವರನ್ನು ಅಗಲುವ ದುಃಖ ಎರಡು ಕಡೆಗೂ ಸಮನಾಗಿತ್ತು. ಒಂದೆರಡು ವರ್ಷಗಳಲ್ಲಿ ಮರಳುವೆನೆಂದು ಹೊರಟ ಮಗನು ಇಪ್ಪತ್ತನಾಲ್ಕು ವರ್ಷ ಹಿಂದಿರುಗಲಾರನೆಂಬುದನ್ನು ಆಗ ಯಾರು ಬಲ್ಲರು?

ಟ್ಯುನಿಸ್ ನಗರದಿಂದ ಮುಂದಕ್ಕೆ ಅವನು ಯಾತ್ರಿಕರ ಒಂದು ದೊಡ್ಡ ತಂಡವನ್ನು ಕೂಡಿಕೊಂಡನು. ಅದೇ ತಂಡದಲ್ಲಿದ್ದ ಟ್ಯುನಿಸಿನ ಗಣ್ಯನೊಬ್ಬನ ಮಗಳೊಡನೆ ದಾರಿಯಲ್ಲಿಯೇ ಅವನ ವಿವಾಹವಾಯಿತು. ಮಾವನೂ ಅಳಿಯನೂ ಜೊತೆಯಾಗಿ ಪ್ರಯಾಣ ಮಾಡಿದುದು ಹೆಚ್ಚು ದಿನ ನಡೆಯಲಿಲ್ಲ. ಇಬ್ಬರಲ್ಲಿ ಜಗಳವೆದ್ದು ಸಂಬಂಧ ಮುರಿದುಬಿದ್ದಿತು. ಅನಂತರ ಫೆಜ್ ನಗರದ ವಿದ್ಯಾವಂತನೊಬ್ಬನ ಮಗಳನ್ನು ಅವನು ವರಿಸಿದನು. ಆ ಮದುವೆಯ ಔತಣಕ್ಕಾಗಿ ಇಡೀ ತಂಡವನ್ನೇ ಒಂದು ದಿನ ತಡೆದು ನಿಲ್ಲಿಸಿದನು. ಹೀಗೆ ದಾರಿಯಲ್ಲಿ ಮದುವೆಯಾಗುವುದು ಆ ಕಾಲದ ಯಾತ್ರಿಕರಲ್ಲಿ ಅಪರೂಪವೇನೂ ಆಗಿರಲಿಲ್ಲ. ಮುಂದೆ ಡಮಾಸ್ಕಸ್ ನಗರದಲ್ಲಿಯೂ ಅವನು ಮದುವೆಯಾದನು. ಗರ್ಭಿಣಿಯಾಗಿದ್ದ ಆ ಹೆಂಡತಿಯನ್ನು ಅಲ್ಲಿಯೇ ಬಿಟ್ಟು ಮೆಕ್ಕಾ ನಗರಕ್ಕೆ ಹೊರಟುಹೋದನು.

ಯಾತ್ರೆ ಮುಗಿದರೂ ಊರಿಗೆ ಮರಳುವ ಮನಸ್ಸಾಗಲಿಲ್ಲ. ಇರಾಕ್, ಪರ್ಷಿಯ, ಆಫ್ರಿಕದ ಪೂರ್ವತೀರಗಳನ್ನು ನೋಡಿದ ಮೇಲೆ ಅವನು ವೋಲ್ಗಾ ನದಿಯ ಬಯಲನ್ನು ಆಳುತ್ತಿದ್ದ ಮಂಗೋಲ ವಂಶದ ಉಜ್ಬೆಕ್ ಖಾನನ ಬೀಡಿಗೆ ಬಂದನು. ಖಾನನ ರಾಣಿಯರಲ್ಲಿ ಬಯಲೂನ್ ಎಂಬವಳು ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯ ಮಗಳೆಂದು ಅವನು ಬರೆದಿದ್ದಾನೆ. ತುಂಬಿದ ಗರ್ಭಿಣಿಯಾಗಿದ್ದ ಆಕೆ ಹೆರಿಗೆಗಾಗಿ ತವರಿಗೆ ಹೊರಟಾಗ ತಾನೂ ಜೊತೆಯಲ್ಲಿ ಹೋಗಲು ಖಾನನ ಅಪ್ಪಣೆ ಬೇಡಿದನು. ಖಾನನು ಮೊದಲು ಹಿಂಜರಿದರೂ ಕೊನೆಗೆ ಒಪ್ಪಿದನು. ಕಾನ್‌ಸ್ಟಾಂಟಿನೋಪಲಿನ ಹೊರವಲಯದಲ್ಲಿ ತಂದೆತಾಯಿಗಳನ್ನು ಕಂಡೊಡನೆ ರಾಣಿಯು ಕುದುರೆಯಿಂದಿಳಿದು ನೆಲಮುಟ್ಟಿ ನಮಸ್ಕರಿಸಿದುದನ್ನು ಅವನು ಇತರರಿಂದ ಕೇಳಿ ತಿಳಿದನು. ಚಕ್ರವರ್ತಿಯು ಈ ಪರದೇಶಿಯನ್ನು ಆದರಿಸಿ, ಜೆರೂಸಲೆಮ್, ಡಮಾಸ್ಕಸ್, ಈಜಿಪ್ಟುಗಳ ವಿಷಯವನ್ನು ಕುತೂಹಲದಿಂದ ವಿಚಾರಿಸಿದನು. ಉಡುಗೊರೆಯಾಗಿ ವಸ್ತ್ರವನ್ನೂ ಕುದುರೆಯನ್ನೂ ಕೊಟ್ಟನು. ನಗರವನ್ನು ತೋರಿಸಲು ಜನರನ್ನು ನೇಮಿಸಿದನು. ಒಂದು ತಿಂಗಳಿಗೂ ಮೇಲ್ಪಟ್ಟು ಅವನು ಅಲ್ಲಿದ್ದು, ಸಮುದ್ರದ ಕವಲು ನಗರವನ್ನು ಎರಡು ಭಾಗ ಮಾಡಿರುವುದನ್ನೂ ಅಂಗಡಿಬೀದಿಗಳನ್ನೂ ನೋಡಿದನು; ಹಾಗಿಯ ಸೋಫಿಯ ಎಂಬ ಮಹಾದೇವಾಲಯವನ್ನು ಹೊರಗಿನಿಂದಲೇ ಕಂಡನು. ರಾಣಿಯು ಮಾತ್ರ ತವರಿನಲ್ಲಿಯೇ ಉಳಿದಳು. ಇಬ್ನ್ ಬತೂತನು ಅವಳಿಂದ ಬೀಳ್ಕೊಂಡು ಹಿಂದಿರುಗಿದನು.

1333ರ ಸೆಪ್ಟೆಂಬರಿನಲ್ಲಿ ಅವನು ಸಿಂಧೂ ನದಿಯನ್ನು ತಲುಪಿದನು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನು ಅವನನ್ನು ಖಾಜಿಯನ್ನಾಗಿ ನೇಮಿಸಿದನು. ದೆಹಲಿಯಲ್ಲಿ ಅವನು ಕೈಹಿಡಿದವಳು ಜಲಾಲುದ್ದೀನ್ ಎಂಬ ಸರದಾರನ ಮಗಳು. ಈ ಜಲಾಲುದ್ದೀನನು ಮುಂದೆ ಸುಲ್ತಾನನ ವಿರುದ್ಧ ದಂಗೆಯೆದ್ದು ಮಧುರೆಯಲ್ಲಿ ಸ್ವತಂತ್ರ ರಾಜ್ಯವನ್ನು ಸ್ಥಾಪಿಸಿದನು.

ಸುಮಾರು 1342ರಲ್ಲಿ ಸುಲ್ತಾನನು ಇಬ್ನ್ ಬತೂತನನ್ನು ರಾಯಭಾರಿಯಾಗಿ ಚೀನಾ ದೇಶಕ್ಕೆ ಕಳುಹಿಸಿದನು. ಆದರೆ ಕಲ್ಲಿಕೋಟೆಯ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಕಾಣಿಕೆಗಳಿದ್ದ ಹಡಗು ಒಡೆದುಹೋಯಿತು. ಸುಲ್ತಾನನ ಕೋಪಕ್ಕೆ ಹೆದರಿ ಅವನು ನಮ್ಮ ಹೊನ್ನಾವರದ ಅರಸ ಜಮಾಲುದ್ದೀನನ ಆಶ್ರಯಕ್ಕೆ ಬಂದನು. ಹೊನ್ನಾವರದಲ್ಲಿ ಬಾಲಕರಿಗಾಗಿ 23 ಮತ್ತು ಬಾಲಕಿಯರಿಗಾಗಿ 13 ಶಾಲೆಗಳಿದ್ದುವೆಂದೂ ಇಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಅವನು ದಾಖಲಿಸಿದ್ದಾನೆ. ಅರಸನ ಊಟದಲ್ಲಿ ಅನ್ನ, ತುಪ್ಪ, ಮೆಣಸು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಕಡೆಯಲ್ಲಿ ಮೊಸರು ಇರುತ್ತಿದ್ದುವಂತೆ. ರೊಟ್ಟಿ ತಿಂದು ಬೆಳೆದ ಅವನಿಗೆ ಈ ತೀರದಲ್ಲಿಯೂ ದ್ವೀಪಗಳಲ್ಲಿಯೂ ಅನ್ನವೊಂದೇ ಗತಿಯಾಗಿ, ಕೊನೆಕೊನೆಗೆ ನೀರು ಕುಡಿದು ಅದನ್ನು ನುಂಗಬೇಕಾಯಿತು.

ಅಲ್ಲಿಂದ ಅವನು ಮಾಲ್ಡೀವ್ಸ್ ದ್ವೀಪಗಳಿಗೆ ಹೋದನು. ಖದೀಜಾ ಎಂಬ ರಾಣಿ ಆಳುತ್ತಿದ್ದ ಆ ನಾಡಿನಲ್ಲಿ ಕವಡೆಯೇ ನಾಣ್ಯ. ತೆಂಗಿನ ನಾರಿನ ಹಗ್ಗವೂ ಒಣಮೀನೂ ಮುಖ್ಯ ವ್ಯಾಪಾರ. ವಿದ್ಯಾವಂತನಾದ ಖಾಜಿ ಬಂದಿರುವನೆಂದು ತಿಳಿದ ಪ್ರಮುಖರು ಅವನನ್ನು ಬಿಡಲೊಲ್ಲದೆ ತಮ್ಮ ಮನೆತನಗಳ ಅಳಿಯನನ್ನಾಗಿ ಮಾಡಿಕೊಂಡರು. ರಾಜಮನೆತನದ ಬಾಂಧವ್ಯವೂ ಬೆಳೆಯಿತು. ಆದರೆ ಅವನು ಬಹಳ ಕಟ್ಟುನಿಟ್ಟಿನ ನ್ಯಾಯಾಧೀಶ. ಮಂತ್ರಿಗಳಿಗೂ ಅವನಿಗೂ ವೈಮನಸ್ಯ ಹುಟ್ಟಿತು. ಅಲ್ಲಿನ ಸ್ತ್ರೀಯರು ತಮ್ಮ ನಾಡನ್ನು ಬಿಟ್ಟು ಹೊರಡುತ್ತಿರಲಿಲ್ಲ. 1344ರ ಆಗಸ್ಟಿನಲ್ಲಿ ಅವನು ಎಲ್ಲ ಸಂಬಂಧಗಳನ್ನೂ ಕಡಿದುಕೊಂಡು ಹಡಗನ್ನೇರಿದನು.

ದಾರಿಯಲ್ಲಿ ಸಿಂಹಳದ್ವೀಪದಲ್ಲಿಳಿದು, ಕಬ್ಬಿಣದ ಸರಪಳಿಗಳನ್ನು ಹಿಡಿದು ಶ್ರೀಪಾದ ಪರ್ವತವನ್ನು ಹತ್ತಿದನು. ಮುಂದೆ ತಮಿಳುನಾಡಿನ ತೀರದ ಬಳಿ ಅವನ ಹಡಗು ಅಪಾಯಕ್ಕೀಡಾಯಿತು. ಆ ವೇಳೆಗೆ ಮಧುರೆಯಲ್ಲಿ ಮಾವ ಜಲಾಲುದ್ದೀನನು ಗತಿಸಿದ್ದನು. ಅಲ್ಲಿ ಆಳುತ್ತಿದ್ದ ಘಿಯಾಸುದ್ದೀನನು ಅದೇ ಜಲಾಲುದ್ದೀನನ ಇನ್ನೊಬ್ಬ ಮಗಳ ಗಂಡ, ಎಂದರೆ ಇಬ್ನ್ ಬತೂತನಿಗೆ ಷಡ್ಡಕ. ಅವನು ಪಲ್ಲಕ್ಕಿಯನ್ನೂ ಕುದುರೆಗಳನ್ನೂ ಕಳುಹಿಸಿ ನೆಂಟನನ್ನು ಕರೆಸಿಕೊಂಡನು. ಆ ನೆಂಟಸ್ತನದ ಬಲದಿಂದ ಮಾಲ್ಡೀವ್ಸಿನ ಮೇಲೆ ದಂಡೆತ್ತಿಸಬೇಕೆಂದು ಇಬ್ನ್ ಬತೂತನು ಹವಣಿಸಿದುದು ಅವನ ಕೀರ್ತಿಗೆ ಒಂದು ಕಪ್ಪುಚುಕ್ಕೆಯೇ ಸರಿ. ತನ್ನನ್ನು ಅಳಿಯನೆಂದು ಆದರಿಸಿದ ಜನರ ಮೇಲೆಯೇ ಅವನು ಸೈನ್ಯವನ್ನು ಬೇಡಿದ್ದನು.

ಆದರೆ ಷಡ್ಡಕನ ಬೀಡಿನಲ್ಲಿ ಅವನು ಕಂಡುದು ಭೀಕರವಾಗಿತ್ತು. ಘಿಯಾಸುದ್ದೀನನು ಸೆರೆಸಿಕ್ಕವರ ಹೆಂಡಿರು ಮಕ್ಕಳನ್ನೂ ಕೊಲ್ಲಿಸುತ್ತಿದ್ದನು. ಊಟದ ಹೊತ್ತಿನಲ್ಲಿ ಕಣ್ಣೆದುರಿಗೇ ಅಂಥ ಕ್ರೌರ್ಯ ನಡೆದಾಗ ಇಬ್ನ್ ಬತೂತನು ಮುಖ ತಿರುಗಿಸಿಕೊಂಡನು. ಹೊಯ್ಸಳ ದೊರೆ ಮೂರನೆಯ ವೀರಬಲ್ಲಾಳನನ್ನು ಸುಮಾರು 1343ರಲ್ಲಿ ಇದೇ ಘಿಯಾಸುದ್ದೀನನು ಸೆರೆಹಿಡಿದು ಕೊಲ್ಲಿಸಿದ್ದನು. ಆ ವೃದ್ಧ ದೊರೆಯ ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಕೋಟೆಗೋಡೆಗೆ ತೂಗುಹಾಕಿದ್ದುದನ್ನು ಇಬ್ನ್ ಬತೂತನು ನೋಡಿದನು. ಉಪ್ಪುಂಡ ಮನೆಯೆಂದು ಅವನು ಇದಾವುದನ್ನೂ ಮುಚ್ಚಿಡಲಿಲ್ಲ. ಎಲ್ಲವನ್ನೂ ಗ್ರಂಥದಲ್ಲಿ ಹೇಳಿ ಖಂಡಿಸಿದನು.

ಸ್ವಲ್ಪ ಕಾಲದಲ್ಲಿಯೇ ಘಿಯಾಸುದ್ದೀನನು ಮೃತನಾದನು. ದಂಡಯಾತ್ರೆಯ ಯೋಜನೆ ಕೈಗೂಡಲಿಲ್ಲ. ಅಲ್ಲಿಂದ ಹೊರಟ ಇಬ್ನ್ ಬತೂತನನ್ನು ಹೊನ್ನಾವರ ಬಾರಕೂರುಗಳ ನಡುವಣ ಕಡಲಿನಲ್ಲಿ ಕಡಲ್ಗಳ್ಳರು ದೋಚಿದರು. ಉಟ್ಟ ಬಟ್ಟೆಯೊಂದನ್ನುಳಿದು ಅವನಿಗೆ ಏನೂ ಉಳಿಯಲಿಲ್ಲ. ಮಾಲ್ಡೀವ್ಸಿನಲ್ಲಿ ತಾನು ಬಿಟ್ಟುಬಂದ ಹೆಂಡತಿಗೆ ಗಂಡುಮಗು ಹುಟ್ಟಿರುವ ಸುದ್ದಿ ಕಲ್ಲಿಕೋಟೆಯಲ್ಲಿ ಕಿವಿಗೆ ಬಿದ್ದಾಗ, ಮಗನನ್ನು ಕರೆತರಲು ಅವನು ಪುನಃ ಆ ದ್ವೀಪಗಳಿಗೆ ಹೋದನು. ಮಗುವಿಗೆ ಆಗ ಎರಡು ವರ್ಷ. ತಾಯಿಯು ಮಂತ್ರಿಯ ಬಳಿ ಮೊರೆಯಿಟ್ಟಳು. ಆದರೂ ಮಗನನ್ನು ಕರೆದೊಯ್ಯಲು ತಾನು ಅಡ್ಡಿಮಾಡುವುದಿಲ್ಲವೆಂದು ಮಂತ್ರಿಯು ತಿಳಿಸಿದನು. ತಂದೆಯು ಮಗುವನ್ನು ನೋಡಿದನು. ತಾಯಿಯ ಮನೆಯವರ ಬಳಿ ಇರುವುದೇ ಅದಕ್ಕೆ ಹಿತವೆಂದು ಅರಿತು ಅವರಿಗೇ ಒಪ್ಪಿಸಿದನು. ಐದು ದಿನಗಳಲ್ಲಿ ದ್ವೀಪವನ್ನು ಬಿಟ್ಟನು.

ಬಂಗಾಳ, ಚೀನಾ ದೇಶಗಳನ್ನು ಸುತ್ತಿ ಅವನು 1348ರಲ್ಲಿ ಡಮಾಸ್ಕಸ್ ನಗರಕ್ಕೆ ಹಿಂದಿರುಗಿದನು. ಅಲ್ಲಿ ಬಿಟ್ಟುಹೋಗಿದ್ದ ಹೆಂಡತಿಗೆ ಮಗ ಹುಟ್ಟಿದ್ದನೆಂಬುದು ಭಾರತದಲ್ಲಿದ್ದಾಗಲೇ ಅವನಿಗೆ ತಿಳಿದಿತ್ತು. ಮಗುವಿನ ಅಜ್ಜನಿಗೆ ನಲವತ್ತು ಚಿನ್ನದ ನಾಣ್ಯಗಳನ್ನು ಕಳುಹಿಸಿಯೂ ಇದ್ದನು. ಈಗ ಅವನ ಮೊದಲ ಚಿಂತೆಯೇ ಆ ಮಗ. ವಿಚಾರಿಸಲು ಹುಡುಗನು ಹನ್ನೆರಡು ವರ್ಷಗಳ ಹಿಂದೆಯೇ ತೀರಿಕೊಂಡಿದ್ದನು. ಅಲ್ಲಿಯೇ ಇದ್ದ ಟಾಂಜಿಯರಿನ ವಿದ್ವಾಂಸನೊಬ್ಬನಿಂದ, ತನ್ನ ತಂದೆ ಸತ್ತು ಹದಿನೈದು ವರ್ಷಗಳಾದುವೆಂದೂ ತಾಯಿ ಇನ್ನೂ ಬದುಕಿರುವಳೆಂದೂ ತಿಳಿಯಿತು. ಆಗ ಪ್ಲೇಗು ಮಾರಿ ಆ ಪ್ರಾಂತ್ಯವನ್ನೆಲ್ಲ ಕಬಳಿಸುತ್ತಿತ್ತು. ಡಮಾಸ್ಕಸಿನ ಮುಸ್ಲಿಮರು, ಯಹೂದ್ಯರು, ಕ್ರೈಸ್ತರು ತಂತಮ್ಮ ಗ್ರಂಥಗಳನ್ನು ಹಿಡಿದು, ಬೇಧವೆಣಿಸದೆ ಒಟ್ಟಾಗಿ ಮೆರವಣಿಗೆಯಲ್ಲಿ ಹೋಗಿ ದೇವರನ್ನು ಪ್ರಾರ್ಥಿಸಿದುದನ್ನು ಅವನು ಕಂಡನು. ಮತ್ತೊಮ್ಮೆ ಮೆಕ್ಕಾ ಯಾತ್ರೆಯನ್ನು ಮುಗಿಸಿ, 1349ರಲ್ಲಿ ತಾಯ್ನಾಡಿನ ಹತ್ತಿರ ಬರುತ್ತಿರುವಾಗ ಅವನ ತಾಯಿಯೂ ಅದೇ ಮಾರಿಗೆ ಬಲಿಯಾದ ಸುದ್ದಿ ಎದುರಾಯಿತು. ಟಾಂಜಿಯರಿನಲ್ಲಿ ಅವನಿಗಾಗಿ ಉಳಿದಿದ್ದುದು ತಾಯಿಯ ಸಮಾಧಿ ಮಾತ್ರ.

ಅನಂತರ ಅವನು ಸ್ಪೇನಿನ ಗ್ರನಾಡವನ್ನೂ ಸಹರಾ ಮರುಭೂಮಿಯಾಚೆಯ ಮಾಲಿ ರಾಜ್ಯವನ್ನೂ ಸಂದರ್ಶಿಸಿದನು. ಮೊರಾಕೊದ ಸುಲ್ತಾನನ ಆಜ್ಞೆಯಂತೆ ಅವನು ಹೇಳಿದ ವೃತ್ತಾಂತವನ್ನು ಇಬ್ನ್ ಜುಜಯ್ ಎಂಬ ವಿದ್ವಾಂಸನು ಬರೆದುಕೊಂಡನು. 1355ರಲ್ಲಿ ಮುಗಿದ ಆ ಗ್ರಂಥ 'ರಿಹ್ಲಾ' ಎಂದು ಪ್ರಸಿದ್ಧವಾಗಿದೆ. ಇಬ್ನ್ ಬತೂತನು 1368–69ರ ಸುಮಾರಿಗೆ ಕಾಲವಾದನು.

ಇಬ್ನ್ ಬತೂತನು ನಾಡುನಾಡುಗಳಲ್ಲಿ ನೆಂಟನಾದನು, ಆದರೆ ಯಾವ ಮನೆಯಲ್ಲಿಯೂ ನೆಲೆನಿಲ್ಲಲಿಲ್ಲ. ಅದರ ಬೆಲೆಯನ್ನು ಅವನು ಮಾತ್ರವಲ್ಲ, ಅವನನ್ನು ಕಾದ ತಂದೆತಾಯಿಗಳೂ ಹೆಂಡಿರು ಮಕ್ಕಳೂ ತೆತ್ತರು. ಅವರಲ್ಲಿ ಹೆಚ್ಚಿನವರ ಹೆಸರುಗಳೂ ನಮಗೆ ಉಳಿದಿಲ್ಲ. ಅವನ ಗ್ರಂಥದಿಂದ ಹೊನ್ನಾವರದ ಬಾಲಕಿಯರ ಶಾಲೆಗಳ ವಿಷಯವನ್ನು ತಿಳಿದು ನಾವು ಹೆಮ್ಮೆಪಡುವಾಗ, ಆ ಗ್ರಂಥಕ್ಕಾಗಿ ಕಣ್ಣೀರು ಸುರಿಸಿದ ಆ ದೂರದ ಮನೆಗಳನ್ನೂ ನೆನೆಯುವುದು ಉಚಿತವಾಗಿದೆ.