ಮೂಕಜೀವಿಗಳ ಬಂಧು

1959ನೆಯ ಇಸವಿ. ಇಂಗ್ಲೆಂಡಿನ ಮಹಿಳೆಯೊಬ್ಬರು ನ್ಯೂಜಿಲೆಂಡಿಗೆ ಹೊರಟವರು ಮಾರ್ಗಮಧ್ಯದಲ್ಲಿ ಭಾರತದಲ್ಲಿ ಇಳಿದರು. ಇಲ್ಲಿ ದಾರಿಯ ಬದಿಯಲ್ಲಿ ಬಿದ್ದಿದ್ದ ಒಂದು ಕುದುರೆಯನ್ನು ಅವರು ಕಂಡರು. ಅದಕ್ಕಿನ್ನೂ ಜೀವವಿತ್ತು, ಆದರೆ ಕಾಗೆಗಳು ಆಗಲೇ ಅದರ ಕಣ್ಣುಗಳನ್ನು ಕುಕ್ಕಿಬಿಟ್ಟಿದ್ದವು. ಅದರ ನೋವನ್ನು ಕೊನೆಗಾಣಿಸುವವರು ಯಾರೂ ಇರಲಿಲ್ಲ. ಆ ನೋಟವು ಅವರ ಪ್ರಯಾಣವನ್ನೇ ನಿಲ್ಲಿಸಿತು. ಅವರು ನ್ಯೂಜಿಲೆಂಡಿಗೆ ಹೋಗಲಿಲ್ಲ.

ಅವರೇ ಕ್ರಿಸ್ಟಲ್ ರೋಜರ್ಸ್. 1906ರಲ್ಲಿ ಜನಿಸಿದ ಅವರಿಗೆ ಆಗ ಐವತ್ತು ದಾಟಿತ್ತು. ವಿಶ್ರಾಂತಿಯನ್ನು ಬಯಸುವ ವಯಸ್ಸು. ದೆಹಲಿಯಲ್ಲಿ ನೆಲೆಸಿ, ಗಾಯಗೊಂಡ ಬೀದಿಪ್ರಾಣಿಗಳಿಗಾಗಿ ಆಶ್ರಯಧಾಮವೊಂದನ್ನು ತೆರೆದರು. 1980ರಲ್ಲಿ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆಯನ್ನು ಸ್ಥಾಪಿಸಿದರು. ಕಟ್ಟಿದ್ದನ್ನು ಇತರರ ಕೈಗೊಪ್ಪಿಸಿ ಮುಂದಿನ ಊರಿಗೆ ನಡೆಯುವ ಈ ಗುಣ ಅಪರೂಪವಾದುದು. 1991ರಲ್ಲಿ, ಎಂಬತ್ತೈದರ ಮುಪ್ಪಿನಲ್ಲಿ, ಬೆಂಗಳೂರಿನಲ್ಲಿ ‘ಕ್ಯೂಪಾ’ ಎಂಬ ಸಂಸ್ಥೆಗೆ ನಾಂದಿ ಹಾಡಿದರು. 1996ರಲ್ಲಿ ಅವರು ನಿಧನರಾದರು.

ಈ ಸಂಸ್ಥೆಯ ಕಾರ್ಯವೇ ಬೆಳೆದು, 1999ರಲ್ಲಿ ಬನ್ನೇರುಘಟ್ಟದ ವನ್ಯಜೀವಿ ರಕ್ಷಣಾ ಮತ್ತು ಪುನರ್ವಸತಿ ಕೇಂದ್ರವು ರೂಪುಗೊಂಡಿತು. ಇಂತಹ ಕೇಂದ್ರದಲ್ಲಿ ಸೇವೆ ಸಲ್ಲಿಸಬಂದ ಸ್ವಯಂಸೇವಕರು ಮೊದಲು ಕಲಿಯಬೇಕಾದ ಪಾಠವು ವಿಚಿತ್ರವಾದುದು: ಪ್ರಾಣಿಯನ್ನು ಮುದ್ದಿಸಬಾರದು. ಗೂಡನ್ನು ತೊಳೆಯಬೇಕು, ಹಣ್ಣನ್ನು ಹೆಚ್ಚಬೇಕು, ಔಷಧಕ್ಕೆ ನೆರವಾಗಬೇಕು, ಮೌನವಾಗಿ ಹಿಂದೆ ಸರಿಯಬೇಕು. ಮನುಷ್ಯನ ಭಯವನ್ನು ಕಳೆದುಕೊಂಡ ಕಾಡುಪ್ರಾಣಿಯು ಮತ್ತೆ ಕಾಡಿನಲ್ಲಿ ಬದುಕಲಾರದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳಲ್ಲಿ ನಾಯಿ ಅಟ್ಟಿದ ಚಿಗರೆಮರಿಯನ್ನೋ ರೆಕ್ಕೆ ಮುರಿದ ನವಿಲನ್ನೋ ಕಂಡವರಿಗೆ ಈ ನಿಯಮವು ಕಠಿಣವೆನಿಸೀತು. ಕರುಣೆಯಿಂದಲೇ ಜನ ಮರಿಯನ್ನು ಎತ್ತಿ ಮನೆಗೆ ತರುತ್ತಾರೆ, ಹಸುವಿನ ಹಾಲನ್ನು ಕುಡಿಸುತ್ತಾರೆ. ಆ ಹಾಲು ಅದಕ್ಕೆ ಒಗ್ಗದೆ ಹೋಗಬಹುದು. ಹಿಡಿದ ಕೈಗಳ ಭಯದಿಂದಲೇ ಚಿಗರೆಯು ಪ್ರಾಣಬಿಡುವುದೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧವೂ ಹೌದು. ನೆರಳಿನಲ್ಲಿ, ಗದ್ದಲವಿಲ್ಲದೆ ಕಾದು, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವುದೇ ಅಲ್ಲಿ ನಿಜವಾದ ಉಪಚಾರ.

ಬೆಂಗಳೂರಿನಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಸಿಲುಕಿ ರೆಕ್ಕೆ ಕುಯ್ದುಕೊಂಡ ಹದ್ದುಗಳು ಇಂತಹ ಕೇಂದ್ರಗಳಿಗೆ ಬರುತ್ತಲೇ ಇರುತ್ತವೆ. ಗಾಯ ಮಾಯ್ದರೆ ಸಾಲದು. ಅವು ದೊಡ್ಡ ಪಂಜರದೊಳಗೆ ಹಾರಿ ಹಾರಿ ಬಲಗೂಡಬೇಕು. ರೆಕ್ಕೆ ಮತ್ತೆ ಗಾಳಿಯನ್ನು ಹಿಡಿಯಬಲ್ಲದೆಂದು ನಿಶ್ಚಯವಾದ ದಿನ ಅವುಗಳನ್ನು ಆಕಾಶಕ್ಕೆ ಬಿಡಲಾಗುತ್ತದೆ.