ಯಾವ ಅಳತೆಗೆ ಎಷ್ಟು ತೂಕ? ಗೌಸ್ ಹೇಳಿಕೊಟ್ಟ ಲೆಕ್ಕ

ಹೋದ ಸೆಮಿಸ್ಟರ್ ನಮ್ಮ ರೋಬೋಟ್‌ನಲ್ಲಿ ದೂರ ಅಳೆಯೋ ಎರಡು ಸೆನ್ಸರ್ ಇದ್ವು. ಒಂದರ ರೀಡಿಂಗ್ ಒಂದೇ ಕಡೆ ನಿಲ್ತಿತ್ತು, ಇನ್ನೊಂದು ಸಿಕ್ಕಾಪಟ್ಟೆ ಜಿಗಿಯೋದು. ನಾವು ಎರಡರ ಸರಾಸರಿ ತೆಗೆದ್ವಿ. ರೋಬೋಟ್ ನೇರ ಹೋಗಿ ಗೋಡೆಗೆ ಗುದ್ದಿತು. ಯಾವುದನ್ನು ಎಷ್ಟು ನಂಬಬೇಕು ಅನ್ನೋ ಈ ಪ್ರಶ್ನೆ ಇನ್ನೂರು ವರ್ಷದ ಹಿಂದೆಯೇ ಕಾರ್ಲ್ ಫ್ರೀಡ್ರಿಶ್ ಗೌಸ್ ಅವರನ್ನು ಕಾಡಿತ್ತು.

ಗೌಸ್ ಹುಟ್ಟಿದ್ದು 1777ರಲ್ಲಿ, ಜರ್ಮನಿಯ ಬ್ರೌನ್‌ಶ್ವೈಗ್‌ನ ಬಡ ಮನೆಯಲ್ಲಿ. ಹುಡುಗನ ಬುದ್ಧಿ ನೋಡಿ ಅಲ್ಲಿನ ಡ್ಯೂಕ್ ಓದಿನ ಖರ್ಚು ವಹಿಸಿಕೊಂಡರು. 1801ರ ಜನವರಿ 1ರಂದು ಪಲೆರ್ಮೋದಲ್ಲಿ ಪಿಯಾಜ್ಜಿ ಎಂಬುವರು ಸೆರೆಸ್ ಎಂಬ ಹೊಸ ಆಕಾಶಕಾಯ ಕಂಡರು. ಆರು ವಾರ ನೋಡುವಷ್ಟರಲ್ಲಿ ಅದು ಸೂರ್ಯನ ಬೆಳಕಲ್ಲಿ ಮರೆಯಾಯ್ತು. ಕೈಯಲ್ಲಿದ್ದ ಕೆಲವೇ ಅಳತೆಗಳಿಂದ 24ರ ಗೌಸ್ ಅದರ ದಾರಿ ಲೆಕ್ಕ ಹಾಕಿದರು. ಡಿಸೆಂಬರ್‌ನಲ್ಲಿ ಸೆರೆಸ್ ಅವರು ಹೇಳಿದ ಜಾಗದ ಹತ್ರವೇ ಸಿಕ್ತು! ಕ್ಯಾಲ್ಕುಲೇಟರ್ ಇಲ್ಲದ ಕಾಲ ಅದು.

ಆಮೇಲೆ ಒಂದು ಜಗಳ. ತಪ್ಪುಗಳ ವರ್ಗಗಳ ಮೊತ್ತ ಕನಿಷ್ಠ ಆಗೋ ಉತ್ತರವನ್ನೇ ಆರಿಸೋ ಲೀಸ್ಟ್ ಸ್ಕ್ವೇರ್ಸ್ ವಿಧಾನವನ್ನು ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದರು. 1809ರ ತಮ್ಮ ಪುಸ್ತಕದಲ್ಲಿ ಗೌಸ್, ಇದನ್ನು ತಾವು 1795ರಿಂದಲೇ ಬಳಸ್ತಿದ್ದೇವೆ ಅಂದರು. ಲೆಜಾಂಡ್ರ್‌ಗೆ ಸಿಟ್ಟು ಬಂತು. ಗೌಸ್ ಸುಳ್ಳು ಹೇಳಿದ್ರು ಅಂತ ನಮಗೆ ಅನಿಸಲ್ಲ. ಆದ್ರೂ ಹದಿನಾಲ್ಕು ವರ್ಷ ಪ್ರಕಟಿಸದೆ ಇಟ್ಕೊಂಡು ಆಮೇಲೆ ನನ್ನದೇ ಮೊದಲು ಅಂದ್ರೆ ಯಾರಿಗೆ ತಾನೇ ಉರಿಯಲ್ಲ? (ಸಬ್ಮಿಶನ್ ಹಿಂದಿನ ರಾತ್ರಿ ರೆಕಾರ್ಡ್ ಬರೆಯೋ ನಾವು ಹೇಳೋ ಮಾತಾ ಇದು!)

1820ರ ದಶಕದಲ್ಲಿ ಗೌಸ್ ಹಾನೋವರ್ ರಾಜ್ಯದ ಸರ್ವೆಗೆ ಇಳಿದರು. ದೂರದ ಬೆಟ್ಟದ ಗುರುತು ಕಾಣಲಿ ಅಂತ ಬಿಸಿಲನ್ನು ಕನ್ನಡಿಯಿಂದ ತಿರುಗಿಸೋ ಹೀಲಿಯೋಟ್ರೋಪ್ ಅನ್ನೋ ಸಾಧನವನ್ನೂ ತಾವೇ ಮಾಡಿದರು. ಆದ್ರೂ ಅಳೆದ ಮೂರು ಕೋನಗಳ ಮೊತ್ತ ಲೆಕ್ಕಕ್ಕೆ ಸರಿಯಾಗಿ ಕೂಡೋದಿಲ್ಲ. ಯಾವುದು ತಪ್ಪು? ಒಂದನ್ನೇ ಬೈಯೋ ಹಾಗಿಲ್ಲ, ಎಲ್ಲಕ್ಕೂ ಸ್ವಲ್ಪ ಸ್ವಲ್ಪ ತಿದ್ದುಪಡಿ, ಅದೂ ತೂಕ ನೋಡಿ. ಒಂದು ಅಳತೆಯ ತಪ್ಪು ಸಾಮಾನ್ಯವಾಗಿ ಇನ್ನೊಂದರ ಎರಡರಷ್ಟು ಇದ್ರೆ, ಅದಕ್ಕೆ ಕಾಲು ಭಾಗ ತೂಕ ಮಾತ್ರ. ಹೊಸ ಅಳತೆ ಬಂದಾಗ ಎಲ್ಲವನ್ನೂ ಮೊದಲಿಂದ ಮಾಡದೆ ಹಳೇ ಉತ್ತರವನ್ನೇ ತಿದ್ದೋ ದಾರಿಯನ್ನೂ ಅದೇ ದಶಕದಲ್ಲಿ ಬರೆದಿಟ್ಟರು. 1960ರಲ್ಲಿ ಬಂದ ಕಾಲ್ಮನ್ ಫಿಲ್ಟರ್‌ನೊಳಗೂ ಇದೇ ಯೋಚನೆ ಇದೆ.

1855ರಲ್ಲಿ ಗಾಟಿಂಗನ್‌ನಲ್ಲಿ ಗೌಸ್ ತೀರಿಕೊಂಡರು. ನಾವು ಈಗ ಎರಡೂ ಸೆನ್ಸರ್‌ಗಳನ್ನು ಗೋಡೆ ಮುಂದಿಟ್ಟು ಯಾವುದು ಎಷ್ಟು ಜಿಗಿಯುತ್ತೆ ಅಂತ ಬರ್ಕೊಳ್ತಾ ಇದ್ದೀವಿ.